ಗುರುಗಳಿಗೆ ಐದು ಸ್ಟಾರ್, ಆಫೀಸಿಗೆ ಎರಡು: ಪುಣೆ ಕಡೆಯ ಒಂದು ಫ್ಲೈಯಿಂಗ್ ಸ್ಕೂಲು

ಸೇರಿ ಎಂಟು ತಿಂಗಳಾಯಿತು. ಲಾಗ್‌ಬುಕ್‌ನಲ್ಲಿ ಇರುವುದು 11 ಗಂಟೆ 40 ನಿಮಿಷದ ಹಾರಾಟ. ಅರ್ಧ ರಿವ್ಯೂ ಇಲ್ಲೇ ಮುಗೀತು ಅನ್ನಿ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಹಿಂಜವಡಿಯ ನಮ್ಮ ಕನ್ನಡದವರ ಗುಂಪಿನಲ್ಲಿ ಯಾರಾದರೊಬ್ಬರು "ಹೆಂಗಿದೆ, ಸೇರಬಹುದಾ?" ಅಂತ ಕೇಳುತ್ತಲೇ ಇರುತ್ತಾರೆ. ಸ್ಕೂಲಿನ ಹೆಸರು ಹಾಕಲ್ಲ. ನಾನು ಇನ್ನೂ ಅವರ ವಿಮಾನದಲ್ಲೇ ಕೂರಬೇಕು.

ನನ್ನದು ಶೋಕಿಗೆ ಕಲಿಯುವ ಕೇಸು. ಪಿಪಿಎಲ್‌ಗೆ, ಅಂದರೆ ಖಾಸಗಿಯಾಗಿ ಹಾರಿಸುವ ಲೈಸೆನ್ಸಿಗೆ, ಕನಿಷ್ಠ 40 ಗಂಟೆ ಹಾರಬೇಕು. ಏರ್‌ಲೈನ್ ಕೆಲಸಕ್ಕೆ ಹೋಗುವ ಹುಡುಗರಿಗೆ ಸಿಪಿಎಲ್, ಅಂದರೆ ಕಮರ್ಷಿಯಲ್ ಲೈಸೆನ್ಸ್, ಬೇಕು, ಅದಕ್ಕೆ 200 ಗಂಟೆ. ಶುರು ಮಾಡಲು ಸ್ಟೂಡೆಂಟ್ ಲೈಸೆನ್ಸ್ ಸಾಕು, 16 ವರ್ಷ ತುಂಬಿರಬೇಕು, ಹತ್ತನೇ ಕ್ಲಾಸ್ ಪಾಸಾಗಿರಬೇಕು, ಜೊತೆಗೆ ಕ್ಲಾಸ್ 2 ಮೆಡಿಕಲ್ ಅನ್ನುವ ಆರೋಗ್ಯ ತಪಾಸಣೆ. ಅಷ್ಟು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತಾರೆ. ಕಷ್ಟ ಆಮೇಲೆ.

ಮುಂಬೈ ಗೆಳೆಯರು ನಮ್ಮ ಜುಹು ವಿಮಾನ ನಿಲ್ದಾಣ ಇದೆಯಲ್ಲ ಅನ್ನುತ್ತಾರೆ. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಟಪಾಲು ತಂದು ಇಳಿದದ್ದು ಅಲ್ಲೇ, ನಿಜ. ಈಗ ಅಲ್ಲಿ ಹೆಲಿಕಾಪ್ಟರ್‌ಗಳದ್ದೇ ಕಾರುಬಾರು. ಇತ್ತ ನಮ್ಮ ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣ ವಾಯುಪಡೆಯದ್ದು. ಹಾಗಾಗಿ ಕಲಿಯುವವರು ಊರು ದಾಟಿ, ಕಬ್ಬಿನ ಗದ್ದೆಗಳ ನಡುವಿನ ಸಣ್ಣ ರನ್‌ವೇ ಹುಡುಕಿಕೊಂಡು ಹೋಗಬೇಕು. ನಾನು ಶನಿವಾರ ಬೆಳಗಿನ ಜಾವ ಮೂರೂವರೆಗೆ ಮನೆ ಬಿಡುತ್ತೇನೆ. ಹೆಂಡತಿ ಈಗ ಎದ್ದು ಬೈಯುವುದನ್ನೂ ಬಿಟ್ಟಿದ್ದಾಳೆ.

ವಿಮಾನ ಸೆಸ್ನಾ 152. ಎರಡೇ ಸೀಟು, 110 ಅಶ್ವಶಕ್ತಿಯ ಇಂಜಿನ್, ಅಂದರೆ ಒಂದು ಸಾಧಾರಣ ಕಾರಿನಷ್ಟು. ಇದರ ತಯಾರಿಕೆ 1985ರಲ್ಲೇ ನಿಂತಿದೆ, ಅಂದರೆ ವಿಮಾನ ನನಗಿಂತ ದೊಡ್ಡದು, ವಯಸ್ಸಿನಲ್ಲಿ. ಸೀಟಿನ ಸ್ಪಂಜು ಕಿತ್ತು ಬಂದಿದೆ. ಮೊದಲ ದಿನ ನನ್ನನ್ನು ತಕ್ಕಡಿ ಮೇಲೆ ನಿಲ್ಲಿಸಿದಾಗ ನಗು ಬಂತು, ಆಮೇಲೆ ಲೆಕ್ಕ ನೋಡಿದೆ. ಎಲ್ಲ ಸೇರಿ 757 ಕಿಲೋ ದಾಟುವ ಹಾಗಿಲ್ಲ. ಇಬ್ಬರು ಹೊಟ್ಟೆ ಬಂದವರು ಕೂತರೆ ಟ್ಯಾಂಕ್ ತುಂಬಿಸುವ ಹಾಗಿಲ್ಲ ಅಷ್ಟೇ. ಏಪ್ರಿಲ್ ಬಿಸಿಲಿನಲ್ಲಂತೂ ಗಾಳಿ ತೆಳುವಾಗಿ, ಎತ್ತು ಏರಿ ಹತ್ತಿದ ಹಾಗೆ ಮೇಲೇರುತ್ತದೆ ಅದು.

ಈಗ ಗುರುಗಳ ವಿಷಯ. ಬೆಳಗಾವಿ ಕಡೆಯವರು, ಕೂದಲು ಪೂರ್ತಿ ಬೆಳ್ಳಗೆ. ನಾನು ಹುಬ್ಬಳ್ಳಿಯವನು ಅಂತ ಗೊತ್ತಾದ ಮೇಲೆ ರೇಡಿಯೋದಲ್ಲಿ ಮಾತ್ರ ಇಂಗ್ಲಿಷು, ಉಳಿದದ್ದೆಲ್ಲ ನಮ್ಮ ಭಾಷೆ. ಹಾರುವ ಮೊದಲು ರೆಕ್ಕೆ ಕೆಳಗಿನಿಂದ ಇಂಧನ ಸ್ವಲ್ಪ ಪಾರದರ್ಶಕ ಕಪ್ಪಿಗೆ ಹಿಡಿಯುತ್ತೇವೆ. ಇದಕ್ಕೆ ಹಾಕುವ ಪೆಟ್ರೋಲು ತಿಳಿ ನೀಲಿ. ಮೊದಲ ವಾರ ನಾನು ಹಿಡಿದು, ನೋಡಿದ ಶಾಸ್ತ್ರ ಮಾಡಿ ಚೆಲ್ಲಲು ಹೋದೆ. ಕೈ ಹಿಡಿದರು. ಕಪ್ಪನ್ನು ಆಕಾಶಕ್ಕೆ ಎತ್ತಿಸಿ, "ತಳಾ ನೋಡ್ರಿ, ಏನ್ ಕಾಣಸ್ತದ?" ತಳದಲ್ಲಿ ಹೆಸರುಕಾಳಿನಷ್ಟು ಒಂದು ಬಿಳಿ ಗುಳ್ಳೆ ಅತ್ತಿತ್ತ ಉರುಳುತ್ತಿತ್ತು. ನೀರು. ರಾತ್ರಿ ತಂಪಿಗೆ ಟ್ಯಾಂಕಿನೊಳಗೆ ಹನಿಗಟ್ಟಿದ್ದು. ಅದು ಇಂಜಿನ್ನಿಗೆ ಹೋದರೆ ಮೇಲೆ ಇಂಜಿನ್ ಕೆಮ್ಮುತ್ತದೆ, ನಿಂತೂ ಹೋಗಬಹುದು. ಗುಳ್ಳೆ ಕಾಣದ ತನಕ ಮತ್ತೆ ಮತ್ತೆ ಹಿಡಿಸಿದರು. ಅವತ್ತಿನಿಂದ ನಾನು ಸುಮ್ನೆ ಚೆಲ್ಲಿಲ್ಲ.

ಟೇಕಾಫ್‌ನಲ್ಲಿ ಫುಲ್ ಪವರ್ ಕೊಟ್ಟ ತಕ್ಷಣ ಮೂತಿ ಎಡಕ್ಕೆ ಎಳೆಯುತ್ತದೆ, ಪ್ರೊಪೆಲ್ಲರ್ ತಿರುಗುವುದರ ಫಲ ಅದು. ಬಲಗಾಲಿನ ಪೆಡಲ್ ಒತ್ತಬೇಕು. ಕಾರು ಓಡಿಸಿ ರೂಢಿಯಾದವರಿಗೆ ಕೈಯೇ ಮುಂದೆ ಹೋಗುತ್ತದೆ. "ಕೈ ಬಿಡ್ರಿ ಸಾಹೇಬ್ರ, ಬಲಗಾಲ, ಬಲಗಾಲ!" ನಿದ್ದೆಯಲ್ಲೂ ಕೇಳುತ್ತದೆ ನನಗೆ. ಲ್ಯಾಂಡಿಂಗ್ ಇನ್ನೂ ಪೂರ್ತಿ ಬಂದಿಲ್ಲ. ಸುಮಾರು 60 ನಾಟ್‌ನಲ್ಲಿ ಬರುತ್ತೇವೆ, ಗಂಟೆಗೆ 110 ಕಿ.ಮೀ., ಎಕ್ಸ್‌ಪ್ರೆಸ್‌ವೇನಲ್ಲಿ ಎಲ್ಲರೂ ಓಡಿಸುವ ಸ್ಪೀಡೇ. ಆದರೆ ನೆಲ ಹತ್ತಿರ ಬಂದಾಗ ಕಣ್ಣು ತಾನಾಗಿ ಮೂತಿಯ ಮುಂದಿನ ಡಾಂಬರಿಗೆ ಇಳಿಯುತ್ತದೆ, ಆಗ ಎತ್ತರ ತಪ್ಪಿ ದಬ್ ಅಂತ ಬೀಳುತ್ತೇವೆ. ರನ್‌ವೇಯ ಆ ತುದಿ ನೋಡಿದ ದಿನ ಮಾತ್ರ ಮೆತ್ತಗೆ ಕೂತಿತು. ಎರಡೇ ಸಲ. ಎರಡೂ ಸಲ ಗುರುಗಳು ಏನೂ ಅನ್ನಲಿಲ್ಲ, ಅದೇ ದೊಡ್ಡ ಸರ್ಟಿಫಿಕೇಟು.

ಆಫೀಸಿನದು ಬೇರೆ ಕಥೆ. ಸೇರುವಾಗ ನಾಲ್ಕು ವಿಮಾನ ಅಂದರು. ಇವೆ, ಸುಳ್ಳಲ್ಲ. ಒಂದಕ್ಕೆ ಇಂಜಿನ್ನೇ ಇಲ್ಲ, ಒಂದು ಬಿಡಿಭಾಗಕ್ಕೆ ಕಾಯುತ್ತಾ ರೆಕ್ಕೆ ಮೇಲೆ ಪಾರಿವಾಳ ಸಾಕಿದೆ, ಮೂರನೆಯದು ಯಾವಾಗ ನೋಡಿದರೂ ಇನ್‌ಸ್ಪೆಕ್ಷನ್‌ನಲ್ಲಿ. ಹಾರುವ ಒಂದಕ್ಕೆ ಸಿಪಿಎಲ್ ಹುಡುಗರು ಮೊದಲು, ನಮ್ಮಂಥವರು ಮಿಕ್ಕಿದ್ದರೆ. ಮಳೆಗಾಲದಲ್ಲಿ ಮೋಡ, ಚಳಿಗಾಲದಲ್ಲಿ ಮಂಜಿನ ಜೊತೆ ಕಬ್ಬಿನ ರವದಿ ಸುಟ್ಟ ಹೊಗೆ. 5 ಕಿ.ಮೀ. ದೂರ ಕಾಣದಿದ್ದರೆ ಏಳುವ ಹಾಗಿಲ್ಲ, ಆ ನಿಯಮಕ್ಕೆ ನನ್ನ ತಕರಾರಿಲ್ಲ. ತಕರಾರು ಏನೆಂದರೆ, ವಿಮಾನ ಕೆಟ್ಟಿದೆ ಅಂತ ಹಿಂದಿನ ಸಂಜೆಯೇ ಗೊತ್ತಿದ್ದೂ ನಾನು ಗೇಟಿಗೆ ಬಂದ ಮೇಲೆ ಹೇಳುವುದು. ಮೂರು ಸಲ ಹೀಗಾಗಿದೆ. ಮುಂಗಡ ಕಟ್ಟಿದ ಎರಡು ಲಕ್ಷದಲ್ಲಿ ಉಳಿದದ್ದು ವಾಪಸ್ ಕೇಳಿದರೆ "ಪಾಲಿಸಿ ಇಲ್ಲ" ಅಂತಾರೆ.

ಮೀಟರ್ ಇಂಜಿನ್ ಶುರುವಾದಾಗಿನಿಂದ ಓಡುತ್ತದೆ, ಅದೂ ತಿಳಿದಿರಲಿ. ರನ್‌ವೇ ಖಾಲಿಯಾಗಲಿ ಅಂತ ಕಾದ ಹತ್ತು ನಿಮಿಷಕ್ಕೂ ದುಡ್ಡು ನಿಮ್ಮದೇ.

ಸೇರುವವರು ಎಷ್ಟು ವಿಮಾನ ಇವೆ ಅಂತ ಕೇಳಬೇಡಿ. ಹೇಳದೆ ಕೇಳದೆ ಒಂದು ಬೆಳಗ್ಗೆ ಹೋಗಿ ಗೇಟಿನ ಎದುರಿನ ಟಪರಿಯಲ್ಲಿ ಚಹಾ, ವಡಾಪಾವ್ ತಗೊಂಡು ಎರಡು ಗಂಟೆ ಕೂರಿ, ಎಷ್ಟು ಹಾರಿದವು ಎಣಿಸಿ. ಟಪರಿಯ ಕಾಕಾಗೆ ಎಲ್ಲ ಲೆಕ್ಕ ಗೊತ್ತು. ದುಡ್ಡು ಐದೈದು ಗಂಟೆಯದ್ದು ಮಾತ್ರ ಕಟ್ಟಿ. ಬೆಳಗಾವಿಯ ಗುರುಗಳೇ ಬೇಕು ಅಂತ ಬರೆಸಿಕೊಳ್ಳಿ, ಆದರೆ ಶನಿವಾರ ಆರೂವರೆ ಸ್ಲಾಟ್ ಕೇಳಬೇಡಿ ಮಾರಾಯ್ರೆ, ಅದು ನನ್ನದು.