ಕಾಸರಗೋಡು ಹಳೆ ಬಸ್‌ಸ್ಟ್ಯಾಂಡ್ ಹತ್ತಿರದ ನಟ್-ಬೋಲ್ಟ್ ಅಂಗಡಿ: ಜೀಪ್ ಇರುವವರು ಓದಿ

ಯಾವ ಶಾಕ್ ಅಬ್ಸಾರ್ಬರ್ ಒಳ್ಳೆಯದು ಅಂತ ಹೇಳುವವರು ಊರು ತುಂಬ ಇದ್ದಾರೆ. ಅದನ್ನು ಹಿಡಿದು ನಿಲ್ಲಿಸುವ ಬೋಲ್ಟ್ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಒಬ್ಬರೂ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಹಳೆಯ ಮಹೀಂದ್ರ ಜೀಪ್. ಮನೆ ಪೆರ್ಲದಿಂದ ಒಳಗೆ, ಕೊನೆಯ ಒಂದೂವರೆ ಕಿಲೋಮೀಟರ್ ಡಾಮರಿಲ್ಲದ ಗುಡ್ಡದ ದಾರಿ. ಅಡಿಕೆ ಚೀಲ, ಗೊಬ್ಬರ, ಮಳೆಗಾಲದಲ್ಲಿ ಶಾಲೆಗೆ ಹೋಗುವ ಮಕ್ಕಳು, ಎಲ್ಲಾ ಇದರಲ್ಲೇ. ಈ ಸಲ ಮಳೆ ಹಿಡಿಯುವ ಮೊದಲು ಹಿಂದಿನ ಎರಡೂ ಸೆಟ್ಟಿಗೆ (ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು) ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿ, ಶಾಕ್ ಬದಲಿಸಿ, ಕೀಲುಗಳಲ್ಲಿರುವ ರಬ್ಬರ್ ಬುಷ್ ಎಲ್ಲಾ ಹೊಸತು ಮಾಡೋಣ ಅಂತ ಹೊರಟೆ. ಆನ್‌ಲೈನಲ್ಲಿ ಒಂದು ಕಿಟ್ ತರಿಸಿದೆ. ಪ್ಲೇಟು, ಬುಷ್ ಚೆನ್ನಾಗಿಯೇ ಇದ್ದವು. ಜೊತೆಗೆ ಬಂದ ಬೋಲ್ಟುಗಳ ತಲೆ ಮೇಲೆ ಮಾತ್ರ ನಂಬರ್ ಇಲ್ಲ, ಗೆರೆ ಇಲ್ಲ, ಪೂರ್ತಿ ಬೋಳು. ಸೆಟ್ಟನ್ನು ಆಕ್ಸಲಿಗೆ ಬಿಗಿದು ಹಿಡಿಯುವ ಹಳೆ ಯು-ಬೋಲ್ಟ್ ನೋಡಿದರೆ, ಒಂದು ಪ್ಲೇಟ್ ಸೇರಿದ ಮೇಲೆ ಉದ್ದ ಸಾಲದೆ ನಟ್ ಪೂರ್ತಿ ಕೂರುತ್ತಿರಲಿಲ್ಲ.

ಎರಡು ಮೂರು ಕಡೆ ಕೇಳಿದೆ. "12 ಎಂಎಂ ಅಲ್ವಾ, ತಗೊಳ್ಳಿ" ಅಂತ ಡಬ್ಬಿಯಿಂದ ಕೈಗೆ ಸಿಕ್ಕಿದ್ದನ್ನು ಕೊಡುವವರೇ ಎಲ್ಲ. ಕೊನೆಗೆ ಲಾರಿ ಓಡಿಸುವ ಪಕ್ಕದ ಮನೆಯವರು ಈ ಅಂಗಡಿ ಹೇಳಿದರು. ಒಂದೇ ಕೋಣೆ, ಗೋಡೆ ತುಂಬ ಮರದ ಗೂಡುಗಳು. ನಡೆಸುವವರಿಗೆ ಅರುವತ್ತು ದಾಟಿರಬಹುದು, ಎಲ್ಲರಿಗೂ ಅವರು "ಇಚ್ಚ". ಕನ್ನಡ, ತುಳು, ಮಲಯಾಳ ಮೂರರಲ್ಲೂ ಮಾತಾಡುತ್ತಾರೆ.

ನಾನು ಬಿಚ್ಚಿ ತಂದಿದ್ದ ಬೋಲ್ಟುಗಳನ್ನು ಅವರು ಕಾಗದದ ಮೇಲೆ ಸುರಿದು, ಒಂದೊಂದಕ್ಕೂ ಕ್ಯಾಲಿಪರ್ ಹಿಡಿದರು. ಪ್ಲೇಟಿನ ತುದಿಯ ಸುರುಳಿ ಕಣ್ಣಿಗೆ ಹಾಕುವ ಒಂದು ಬೋಲ್ಟ್ ಹತ್ತಿರ ನಿಂತುಬಿಟ್ಟರು. "ಮಾಷ್ಟ್ರೇ, ಈ ನಟ್ ಅರ್ಧ ಇಂಚಿನದು. ಬೋಲ್ಟ್ 12 ಎಂಎಂ. ಇಷ್ಟು ದಿನ ಹೀಗೇ ಓಡಿಸಿದ್ದೀರಾ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹಳೆ ಜೀಪ್ ಇರುವ ಯಾರಿಗೂ ಹೀಗಾಗಬಹುದು. ಈ ಜೀಪುಗಳು ಅಮೆರಿಕದ ವಿಲ್ಲಿಸ್ ಜೀಪಿನಿಂದ ಬಂದವು, ಹಾಗಾಗಿ ಇಂಚಿನ ಅಳತೆಯ ಬೋಲ್ಟುಗಳು ತುಂಬ. ಆಮೇಲೆ ರಿಪೇರಿ ಮಾಡಿದವರು ಮಿಲಿಮೀಟರಿನದನ್ನು ಸೇರಿಸುತ್ತಾ ಹೋಗುತ್ತಾರೆ. ಅರ್ಧ ಇಂಚು ಅಂದರೆ 12.7 ಎಂಎಂ. ಸಣ್ಣ ತ್ರೆಡ್ಡಿನ, ಅಂದರೆ ಪಿರಿ ಹತ್ತಿರ ಹತ್ತಿರ ಇರುವ, ಅರ್ಧ ಇಂಚಿನ ಬೋಲ್ಟಿನಲ್ಲಿ ಇಂಚಿಗೆ 20 ಪಿರಿ, ಅಂದರೆ ಒಂದರಿಂದ ಒಂದಕ್ಕೆ 1.27 ಎಂಎಂ. 12 ಎಂಎಂ ಬೋಲ್ಟಿನಲ್ಲಿ ಈ ಅಂತರ (ಪಿಚ್) 1.25 ಎಂಎಂ ಇರುವುದು ಸಿಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ನಟ್ ಕೈಯಲ್ಲೇ ಸಲೀಸಾಗಿ ತಿರುಗಿ ಕೂರುತ್ತದೆ, ಹಾಕಿದವರಿಗೆ ಸರಿ ಇದೆ ಅನಿಸುತ್ತದೆ. ಆದರೆ ಬೋಲ್ಟ್ ಸಪೂರ, ಪಿರಿಯ ತುದಿಗಳು ಮಾತ್ರ ಒಂದಕ್ಕೊಂದು ತಾಗಿರುತ್ತವೆ. ಭಾರ ಬಿದ್ದು ಎಳೆದಾಗ ಸವೆದು ಜಾರುತ್ತದೆ. ನನ್ನದರಲ್ಲಿ ಆಗಲೇ ಅರ್ಧ ಪಿರಿ ಹೋಗಿತ್ತು. ಮಕ್ಕಳನ್ನು ಕೂರಿಸಿಕೊಂಡು ಆ ಗುಡ್ಡ ಇಳಿದದ್ದು ನೆನಪಾಗಿ ಕೈ ತಣ್ಣಗಾಯಿತು.

ತಲೆ ಮೇಲಿನ ಗುರುತು ಓದುವುದನ್ನೂ ಅವರೇ ಕಲಿಸಿದರು. ಮಿಲಿಮೀಟರಿನದಕ್ಕೆ 8.8, 10.9 ಅಂತ ಇರುತ್ತದೆ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಸುಮಾರು ಎಷ್ಟು ಎಳೆತ ತಡೆಯುತ್ತದೆ ಅಂತ ಸಿಗುತ್ತದೆ, ಅಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್, 1000 ನ್ಯೂಟನ್. ಇಂಚಿನದಕ್ಕೆ ಗೆರೆಗಳು. ಮೂರು ಗೆರೆ ಇದ್ದರೆ ಗ್ರೇಡ್ 5, ಹೆಚ್ಚು ಕಡಿಮೆ 8.8ಕ್ಕೆ ಸಮ. ಆರು ಗೆರೆ ಇದ್ದರೆ ಗ್ರೇಡ್ 8, ಅದು 10.9ರ ಹತ್ತಿರ. ಬೋಳು ತಲೆಯದ್ದನ್ನು ಗೇಟಿಗೆ ಹಾಕಿ, ಗಾಡಿಗೆ ಬೇಡ ಅಂದರು. ಕಿಟ್ಟಿನ ಬೋಲ್ಟುಗಳು ಈಗ ಮನೆಯ ಗೇಟಿನಲ್ಲಿವೆ.

ನಮ್ಮಲ್ಲಿ ಉಪ್ಪು ಗಾಳಿ, ಆರು ತಿಂಗಳಿಗೇ ತುಕ್ಕು. ಅದಕ್ಕೆ ಸ್ಟೈನ್‌ಲೆಸ್ ಕೊಡಿ ಅಂದೆ. ಇದ್ದರೂ ಕೊಡಲಿಲ್ಲ. ಸಾಮಾನ್ಯವಾಗಿ ಸಿಗುವ ಸ್ಟೈನ್‌ಲೆಸ್ ಎ2-70, ಅದರ ಬಲ 700. 8.8ಕ್ಕಿಂತ ಕಡಿಮೆ. ಮೇಲಿಂದ ಸ್ಟೈನ್‌ಲೆಸ್ ನಟ್ಟು ಬೋಲ್ಟು ಬಿಗಿಯುವಾಗ ಒಂದಕ್ಕೊಂದು ಕಚ್ಚಿ ಹಿಡಿದುಬಿಡುತ್ತವಂತೆ. ಸತು ಲೇಪನದ್ದೇ ಕೊಟ್ಟರು. ದುಬಾರಿ ಮಾಲು ಕೇಳಿದವನಿಗೆ ಬೇಡ ಅಂದ ಅಂಗಡಿಯವರನ್ನು ನಾನು ಬೇರೆ ಕಡೆ ಕಂಡಿಲ್ಲ.

ಇನ್ನೊಂದು, ಪೂರ್ತಿ ಪಿರಿ ಇರುವ ಬೋಲ್ಟನ್ನು ಬುಷ್ಷಿಗೆ ಹಾಕಬಾರದು. ಬ್ರಾಕೆಟ್ಟಿನ ತೂತಿನಲ್ಲಿ ನುಣುಪಾದ ಭಾಗವೇ ಕೂರಬೇಕು, ಇಲ್ಲದಿದ್ದರೆ ಪಿರಿ ಅರದ ಹಾಗೆ ತೂತನ್ನು ತಿನ್ನುತ್ತಾ ಹೋಗುತ್ತದೆ. ಸರಿಯಾದ ಉದ್ದದ್ದು ಇರಲಿಲ್ಲ. ಇಚ್ಚ ಉದ್ದದ್ದನ್ನೇ ತೆಗೆದು ತುದಿಯ ಹೆಚ್ಚಿನ ಪಿರಿ ಕತ್ತರಿಸಿ, ಅರ ಹಾಕಿ ಕೊಟ್ಟರು. ನೈಲಾನ್ ಇರುವ ಲಾಕ್ ನಟ್ಟುಗಳು ಎಲ್ಲಾ ಹೊಸತು, ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕಿದರೆ ಹಿಡಿತ ಕಡಿಮೆ.

ಕೊರತೆ ಇಲ್ಲವೇ ಅಂದರೆ ಇದೆ. ಯು-ಬೋಲ್ಟ್ ಸ್ಟಾಕ್ ಇರಲಿಲ್ಲ. ಸರಳಿನ ದಪ್ಪ, ಒಳಗಿನ ಅಗಲ, ಕಾಲಿನ ಉದ್ದ, ಬಾಗು ಉರುಟೋ ಚೌಕವೋ ಅಂತ ಬರೆದುಕೊಂಡು ನಾಲ್ಕು ದಿನ ಅಂದರು, ಬಂದದ್ದು ಒಂಬತ್ತನೇ ದಿನ. ಅಷ್ಟು ದಿನ ಗಾಡಿ ಗ್ಯಾರೇಜಿನಲ್ಲಿ ಕಲ್ಲಿನ ಮೇಲೆ. ಪಾರ್ಕಿಂಗ್ ಇಲ್ಲ. ಬಿಲ್ಲಿನಲ್ಲಿ ಸುಮ್ನೆ "ಬೋಲ್ಟ್" ಅಂತ ಇತ್ತು, ಕೇಳಿದ ಮೇಲೆ ಗ್ರೇಡ್ ಬರೆದುಕೊಟ್ಟರು. ನೀವೂ ಕೇಳಿ ಬರೆಸಿಕೊಳ್ಳಿ. ನಾಲ್ಕು ಯು-ಬೋಲ್ಟ್ ಸೇರಿ ಒಟ್ಟು 2,860 ರೂಪಾಯಿ ಆಯಿತು. ಬೇರೆ ಕಡೆ ಅರ್ಧಕ್ಕೇ ಸಿಗುತ್ತಿತ್ತು, ಆದರೆ ಏನು ಸಿಗುತ್ತಿತ್ತು ಅಂತ ಈಗ ಗೊತ್ತು.

ಬುಷ್ಷಿನ ಬೋಲ್ಟುಗಳನ್ನು ಜ್ಯಾಕ್ ಮೇಲೆ ಇರುವಾಗ ಪೂರ್ತಿ ಬಿಗಿಯಬೇಡಿ, ಗಾಡಿ ನೆಲಕ್ಕೆ ಇಳಿದು ಭಾರ ಕೂತ ಮೇಲೆ ಬಿಗಿಯಿರಿ, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇರುತ್ತದೆ ಅಂತ ಇಚ್ಚ ನನ್ನ ಮೆಕ್ಯಾನಿಕ್ಕಿಗೆ ಫೋನಿನಲ್ಲೇ ಹೇಳಿದರು. ಯು-ಬೋಲ್ಟನ್ನು 200 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿಸಿದೆ, ಕಾಲು ಸುತ್ತು ತಿರುಗಿತು. ಖಾಲಿ ಗಾಡಿ ಈಗ ಸ್ವಲ್ಪ ಗಟ್ಟಿ ಅನಿಸುತ್ತದೆ, ಪ್ಲೇಟ್ ಜಾಸ್ತಿ ಆದದ್ದಕ್ಕೆ ಅದು ಇದ್ದದ್ದೇ. ಆದರೆ ಬದಿಯಡ್ಕದಿಂದ ಚೆರ್ಕಳಕ್ಕೆ ಇಳಿಯುವಾಗ ಹಿಂದಿನಿಂದ ಬರುತ್ತಿದ್ದ ಟಕ್ ಟಕ್ ಸದ್ದು ಪೂರ್ತಿ ನಿಂತಿದೆ.

ಮುಂದಿನ ಸೆಟ್ಟಿನ ಯು-ಬೋಲ್ಟಿಗೂ ಅಳತೆ ಕೊಟ್ಟು ಬಂದಿದ್ದೇನೆ. ನೀವು ಹೋಗುವುದಾದರೆ ಹಳೆ ಬೋಲ್ಟನ್ನು ಅದರ ನಟ್ ಸಮೇತ ತೆಗೆದುಕೊಂಡು ಹೋಗಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಬಾಗಿಲು ಹಾಕಿರುತ್ತಾರೆ.