ಹೊಸ ಕಾಮಿಕ್ಸ್ ಅಳೆಯಲು ಮೂರು ದಾರಿ: ನೇರ ಓದು, ಮೂಕ ಓದು, ಅಂಕಪಟ್ಟಿ

ಹೊಸ ಸಂಚಿಕೆ ಓದಿ ಮುಗಿಸಿದವರ ಬಾಯಲ್ಲಿ ಸಾಮಾನ್ಯವಾಗಿ ಬರುವ ಮಾತು, ‘ಕಥೆ ಸುಮಾರು, ಚಿತ್ರ ಮಾತ್ರ ಅದ್ಭುತ.’ ಇಲ್ಲವೇ ಅದರ ಉಲ್ಟಾ. ತೀರ್ಪು ದಾರಿ ತಪ್ಪುವುದು ಈ ವಿಂಗಡಣೆಯಲ್ಲೇ. ಯಾವ ಕ್ಷಣವನ್ನು ಹಿಡಿಯಬೇಕು, ಯಾವ ಕೋನದಿಂದ ನೋಡಬೇಕು, ಯಾವ ಪ್ಯಾನೆಲ್ (ಒಂದೊಂದು ಚಿತ್ರದ ಚೌಕಟ್ಟು) ದೊಡ್ಡದಾಗಬೇಕು, ಪುಟ ಎಲ್ಲಿ ಮುಗಿಯಬೇಕು ಎಂಬುದರಲ್ಲೆಲ್ಲ ಚಿತ್ರಕಾರರ ಕೈ ಇರುತ್ತದೆ. ಇವೆಲ್ಲವೂ ಕಥೆ ಹೇಳುವ ಕೆಲಸವೇ. ಬಟ್ಟೆಯ ನೆರಿಗೆ, ಕಟ್ಟಡದ ಕಿಟಕಿ ಎಲ್ಲವನ್ನೂ ಬಿಡದೆ ಬರೆದ ಪುಟದಲ್ಲೂ ಯಾರು ಯಾರಿಗೆ ಹೊಡೆದರು ಎಂಬುದೇ ತಿಳಿಯದೆ ಹೋಗಬಹುದು. ಅಂಥ ಪುಟವನ್ನು ‘ಅದ್ಭುತ’ ಎಂದುಬಿಟ್ಟರೆ ಚಿತ್ರಕಾರರ ಕೆಲಸದಲ್ಲಿ ಅರ್ಧವನ್ನು ನೋಡಲೇ ಇಲ್ಲ ಎಂದರ್ಥ.

ಹಾಗಾದರೆ ಹೊಸ ಪುಸ್ತಕವನ್ನು ಅಳೆಯುವುದು ಹೇಗೆ? ಮೂರು ದಾರಿಗಳು ಬಳಕೆಯಲ್ಲಿವೆ. ಎಲ್ಲರಂತೆ ಮೊದಲಿನಿಂದ ಕೊನೆಯವರೆಗೆ ಓದಿಕೊಂಡು ಹೋಗುವುದು ನೇರ ಓದು. ಮಾತಿನ ಗುಳ್ಳೆಗಳನ್ನೂ ಕ್ಯಾಪ್ಷನ್‌ಗಳನ್ನೂ (ಗುಳ್ಳೆಯ ಹೊರಗೆ ಬರುವ ನಿರೂಪಣೆಯ ಸಾಲುಗಳು) ಬಿಟ್ಟು ಚಿತ್ರವನ್ನಷ್ಟೇ ಓದುವುದು ಮೂಕ ಓದು. ಕಥೆ, ಚಿತ್ರ, ಬಣ್ಣ, ಅಕ್ಷರ ಎಂದು ವಿಂಗಡಿಸಿ ತಲಾ ಹತ್ತರಲ್ಲಿ ಇಷ್ಟು ಎಂದು ಕೊಡುವುದು ಅಂಕಪಟ್ಟಿ. ಒಂದೇ ಸಂಚಿಕೆಯ ಮೇಲೆ ಮೂರನ್ನೂ ಪ್ರಯೋಗಿಸಿ ನೋಡಿದರೆ ಮೂರೂ ಒಂದೇ ಉತ್ತರ ಕೊಡುವುದು ಅಪರೂಪ.

ಅಂಕಪಟ್ಟಿಯನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಮೂರರಲ್ಲಿ ಅತ್ಯಂತ ದುರ್ಬಲ ಅದು. ಕಥೆಗೆ 6, ಚಿತ್ರಕ್ಕೆ 9 ಎಂದು ಬರೆದ ಕೂಡಲೇ ಎರಡರ ನಡುವಿನ ಸಂಬಂಧ ಲೆಕ್ಕದಿಂದ ಬಿದ್ದುಹೋಗುತ್ತದೆ. ಕಾಮಿಕ್ಸ್ ಗೆಲ್ಲುವುದೂ ಸೋಲುವುದೂ ಆ ಸಂಬಂಧದಲ್ಲೇ. ಗುಳ್ಳೆಯಲ್ಲಿ ‘ನನಗೇನೂ ಬೇಜಾರಿಲ್ಲ’ ಎಂದಿದ್ದು, ಚಿತ್ರದಲ್ಲಿ ಆಕೆಯ ಬೆರಳುಗಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದರೆ, ಆ ಅರ್ಥವನ್ನು ಯಾವ ಕಾಲಮ್ಮಿಗೆ ಹಾಕುವುದು? ಇನ್ನೊಂದು ತೊಂದರೆ, ಸರಾಸರಿ ಎಲ್ಲವನ್ನೂ ಸಮತಟ್ಟು ಮಾಡುತ್ತದೆ. ಎಲ್ಲದರಲ್ಲೂ 7 ಪಡೆದ ಪೇಲವ ಪುಸ್ತಕವೂ, ಧೈರ್ಯ ಮಾಡಿ ಒಂದು ಕಡೆ ಎಡವಿ ಇನ್ನೊಂದು ಕಡೆ ಹಾರಿದ ಪುಸ್ತಕವೂ ಒಂದೇ ಮೊತ್ತಕ್ಕೆ ಬಂದು ನಿಲ್ಲುತ್ತವೆ. ಒಂದೇ ಸರಣಿಯನ್ನು ಹತ್ತಾರು ಸಂಚಿಕೆ ಬೆನ್ನು ಹತ್ತಿದವರಿಗೆ, ಎಲ್ಲಿಂದ ಇಳಿಜಾರು ಶುರುವಾಯಿತು ಎಂದು ಹಿಂತಿರುಗಿ ನೋಡಲು ಮಾತ್ರ ಅಂಕಗಳಿಂದ ಪ್ರಯೋಜನವಿದೆ.

ನಿಜವಾದ ಪೈಪೋಟಿ ಇರುವುದು ನೇರ ಓದಿಗೂ ಮೂಕ ಓದಿಗೂ.

ನೇರ ಓದಿನ ಬಲವೆಂದರೆ ಪುಸ್ತಕ ತಯಾರಾಗಿರುವುದೇ ಹಾಗೆ ಓದಲು. ಬಿಗಿ, ವೇಗ, ಅಚ್ಚರಿ ಇವನ್ನು ಬೇರೆ ಯಾವ ವಿಧಾನವೂ ತೋರಿಸಿಕೊಡಲಾರದು. ಹಾಳೆ ತಿರುಗಿಸುವ ಕ್ಷಣವನ್ನೇ ನೋಡಿ. ಮುದ್ರಿತ ಸಂಚಿಕೆಯಲ್ಲಿ ಮೊದಲ ಪುಟ ಸಾಮಾನ್ಯವಾಗಿ ಒಂಟಿಯಾಗಿ ಕಾಣುತ್ತದೆ. ಆಮೇಲೆ 2 ಮತ್ತು 3, 4 ಮತ್ತು 5 ಹೀಗೆ ಜೋಡಿಜೋಡಿಯಾಗಿ ತೆರೆದುಕೊಳ್ಳುತ್ತವೆ. ಅಂದರೆ ಬಚ್ಚಿಟ್ಟ ಅಚ್ಚರಿ ಸಮಸಂಖ್ಯೆಯ ಪುಟದಲ್ಲಿರಬೇಕು, ಅದರ ಬಗ್ಗೆ ಕುತೂಹಲ ಹುಟ್ಟಿಸುವ ಪ್ಯಾನೆಲ್ ಅದರ ಹಿಂದಿನ ಬೆಸಸಂಖ್ಯೆಯ ಪುಟದ ಕೊನೆಯಲ್ಲಿರಬೇಕು. ಸತ್ತನೆಂದುಕೊಂಡವನು ಬಾಗಿಲಲ್ಲಿ ನಿಂತಿರುವ ಪೂರ್ಣಪುಟದ ಚಿತ್ರ 13ನೇ ಪುಟದಲ್ಲಿದ್ದರೆ, 12ನೇ ಪುಟ ಓದುವಾಗಲೇ ಓರೆಗಣ್ಣಿಗೆ ಬಿದ್ದಿರುತ್ತದೆ. ಬಿಡಿ ಸಂಚಿಕೆಯಲ್ಲಿ ಜಾಹೀರಾತು ಪುಟಗಳನ್ನು ಲೆಕ್ಕಕ್ಕೆ ಹಿಡಿದು ಕೂರಿಸಿದ ಅಚ್ಚರಿ, ಜಾಹೀರಾತು ತೆಗೆದ ಸಂಗ್ರಹ ಆವೃತ್ತಿಯಲ್ಲಿ ಒಂದು ಪುಟ ಸರಿದು ಹಾಳಾಗುವುದೂ ಉಂಟು. ಹಾಗಾಗಿ ಎರಡೂ ಆವೃತ್ತಿ ಸಿಗುವಾಗ ಯಾವುದನ್ನು ಓದಿ ತೀರ್ಪು ಕೊಟ್ಟಿರಿ ಎಂಬುದನ್ನು ಹೇಳಲೇಬೇಕು.

ನೇರ ಓದಿನ ದೌರ್ಬಲ್ಯವೂ ಅಷ್ಟೇ ದೊಡ್ಡದು: ಮಾತು ಚಿತ್ರದ ತಪ್ಪನ್ನು ಮುಚ್ಚಿಹಾಕುತ್ತದೆ. ‘ಅಯ್ಯೋ, ಅವನು ಕೀಲಿಕೈ ಕದ್ದ!’ ಎಂದು ಗುಳ್ಳೆಯಲ್ಲಿ ಬರೆದುಬಿಟ್ಟರೆ, ಕೀಲಿಕೈ ಕದಿಯುವುದನ್ನು ಚಿತ್ರ ತೋರಿಸಿತೋ ಇಲ್ಲವೋ ಎಂದು ಓದುಗ ಗಮನಿಸುವುದೇ ಇಲ್ಲ. ಕಣ್ಣು ಒಂದು ಗುಳ್ಳೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಸಾಗುತ್ತದೆ, ಚಿತ್ರ ಹಿನ್ನೆಲೆಗೆ ಸರಿಯುತ್ತದೆ. ಇದಕ್ಕೆ ಒಂದು ಸುಲಭ ಮದ್ದಿದೆ. ಪೆನ್ಸಿಲ್ ಹಿಡಿದು ಓದಿ. ಅರ್ಥವಾಗದೆ ಹಿಂದಿನ ಪ್ಯಾನೆಲ್‌ಗೆ ಕಣ್ಣು ವಾಪಸು ಹೋದಾಗಲೆಲ್ಲ ಪುಟಸಂಖ್ಯೆಯನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಕಾರಣ ಹುಡುಕುತ್ತಾ ನಿಲ್ಲಬೇಡಿ, ಮುಂದೆ ಸಾಗಿ. ಓದು ಮುಗಿದ ಮೇಲೆ ಆ ಪುಟಗಳಿಗೆ ಮರಳಿದರೆ ಬಹುತೇಕ ಕಡೆ ನಾಲ್ಕು ದೋಷಗಳಲ್ಲಿ ಒಂದು ಸಿಗುತ್ತದೆ: ಮೊದಲು ಮಾತಾಡುವವನನ್ನು ಬಲಗಡೆ ನಿಲ್ಲಿಸಿ ಗುಳ್ಳೆಗಳ ಬಾಲ ಒಂದನ್ನೊಂದು ದಾಟುವಂತೆ ಮಾಡಿರುವುದು, ಎಡಗಡೆಯ ಉದ್ದ ಪ್ಯಾನೆಲ್ ಆದಮೇಲೆ ಬಲಕ್ಕೆ ಹೋಗಬೇಕೋ ಕೆಳಕ್ಕೆ ಇಳಿಯಬೇಕೋ ತಿಳಿಯದಿರುವುದು, ಮಾತಾಡುತ್ತಿರುವ ಇಬ್ಬರನ್ನು ಜೋಡಿಸುವ ಕಲ್ಪಿತ ಗೆರೆಯನ್ನು ದಾಟಿ ನೋಟ ಆಚೆಗೆ ಹಾರಿ ಎಡಗಡೆಯವನು ಇದ್ದಕ್ಕಿದ್ದಂತೆ ಬಲಗಡೆ ಕಾಣಿಸಿಕೊಳ್ಳುವುದು, ಒಂದೇ ಮುಖಚಹರೆಯ ಎರಡು ಪಾತ್ರಗಳು. ಮೊದಲ ದೋಷ ಬಲದಿಂದ ಎಡಕ್ಕೆ ಓದುವ ಜಪಾನಿ ಕಾಮಿಕ್ಸ್ ಆದ ಮಾಂಗಾದಲ್ಲಿ ತಿರುವುಮುರುವಾಗುತ್ತದೆ ಎಂಬುದು ನೆನಪಿರಲಿ.

ಮಾತಿನ ಭಾರವನ್ನೂ ಇಲ್ಲೇ ತೂಗಿ ನೋಡಬಹುದು. ಇಂಗ್ಲಿಷ್ ಕಾಮಿಕ್ಸ್ ಸಂಪಾದಕರಲ್ಲಿ ಹಿಂದಿನಿಂದ ಬಂದ ಒಂದು ಲೆಕ್ಕ, ಆರು ಪ್ಯಾನೆಲ್‌ಗಳ ಪುಟಕ್ಕೆ 210 ಪದ, ಅಂದರೆ ಪ್ಯಾನೆಲ್‌ಗೆ 35. ಕನ್ನಡದಲ್ಲಿ ಪದಗಳು ಉದ್ದ, ಒತ್ತಕ್ಷರಗಳಿಗೆ ಸಾಲಿನ ನಡುವೆ ಜಾಗವೂ ಹೆಚ್ಚು ಬೇಕು. ಹಾಗಾಗಿ ಅನುವಾದಗಳಲ್ಲಿ ಇದಕ್ಕಿಂತ ಕಡಿಮೆ ಪದಗಳಿಗೇ ಗುಳ್ಳೆ ಚಿತ್ರವನ್ನು ನುಂಗಲು ಶುರುಮಾಡುತ್ತದೆ. ಮೂಲದ ಗುಳ್ಳೆಯ ಅಳತೆಯಲ್ಲೇ ಕನ್ನಡ ತುರುಕಿ ಅಕ್ಷರ ಸಣ್ಣದಾಗಿಸಿದ ಪುಸ್ತಕ ನೋಡಿದಾಗ ಆ ದೋಷವನ್ನು ಮೂಲ ಲೇಖಕರ ತಲೆಗೆ ಕಟ್ಟಬಾರದು.

ಈಗ ಮೂಕ ಓದು. ಚಿತ್ರ ಕಥೆ ಹೇಳುತ್ತಿದೆಯೋ ಇಲ್ಲವೋ ಎಂದು ಕಂಡುಹಿಡಿಯಲು ಇದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ ಇಲ್ಲ. ವಿಧಾನ ಸರಳ. ಒಂದು ದೃಶ್ಯವನ್ನು, ಅಂದರೆ ನಾಲ್ಕೈದು ಪುಟಗಳನ್ನು, ಒಂದಕ್ಷರವನ್ನೂ ಓದದೆ ನೋಡಿ. ಆಮೇಲೆ ಪುಸ್ತಕ ಮುಚ್ಚಿ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಇದು ಎಲ್ಲಿ ನಡೆಯುತ್ತಿದೆ? ಎಷ್ಟು ಜನ ಇದ್ದಾರೆ, ಯಾರು ಎಲ್ಲಿದ್ದಾರೆ? ಯಾರಿಗೆ ಏನು ಬೇಕಾಗಿದೆ? ದೃಶ್ಯದ ಶುರುವಿಗೂ ಕೊನೆಗೂ ಏನು ಬದಲಾಯಿತು? ಯಾವ ಪ್ಯಾನೆಲ್ ಅತಿ ಮುಖ್ಯ? ಕೊನೆಯ ಪ್ರಶ್ನೆಯೇ ಹೆಚ್ಚು ಬಯಲು ಮಾಡುವುದು. ಬಳಿಕ ಮಾತು ಸೇರಿಸಿ ಓದಿದಾಗ ಕಥೆಯ ಪ್ರಕಾರ ಮುಖ್ಯವಾದ ಕ್ಷಣವೂ ನೀವು ಬರೆದ ಪ್ಯಾನೆಲ್ಲೂ ಬೇರೆ ಬೇರೆಯಾದರೆ, ಪುಟದ ವಿನ್ಯಾಸ ತಪ್ಪು ಕಡೆ ಒತ್ತು ಕೊಟ್ಟಿದೆ ಎಂದರ್ಥ.

ಒಂದು ಕಲ್ಪಿತ ಪುಟವನ್ನು ಹತ್ತಿರದಿಂದ ನೋಡೋಣ. ಆರು ಪ್ಯಾನೆಲ್. ಒಬ್ಬಾಕೆ ಮೇಜಿನ ಬಳಿ ಕಾಗದ ಓದುತ್ತಾಳೆ, ಹೊರಗೆ ಹೆಜ್ಜೆ ಸದ್ದು, ಕಾಗದವನ್ನು ಖಾನೆಗೆ ಹಾಕುತ್ತಾಳೆ, ಗಂಡ ಒಳಗೆ ಬರುತ್ತಾನೆ, ಇಬ್ಬರೂ ಮಾತಾಡುತ್ತಾರೆ, ಅವನು ಖಾನೆಯ ಕಡೆ ನೋಡುತ್ತಾನೆ. ಒಬ್ಬ ಚಿತ್ರಕಾರರು ಆರನ್ನೂ ಎದೆಮಟ್ಟದ ಚಿತ್ರಗಳಾಗಿ ಬರೆಯುತ್ತಾರೆ. ಮುಖಗಳು ಸೊಗಸಾಗಿವೆ, ಖಾನೆ ಮಾತ್ರ ಎಲ್ಲೂ ಸರಿಯಾಗಿ ಕಾಣುವುದಿಲ್ಲ. ಮೂಕ ಓದಿನಲ್ಲಿ ಈ ಪುಟ ‘ಗಂಡ ಹೆಂಡತಿ ಮಾತಾಡಿದರು’ ಎಂಬಷ್ಟಕ್ಕೇ ನಿಲ್ಲುತ್ತದೆ. ಇನ್ನೊಬ್ಬರು ಮೊದಲ ಪ್ಯಾನೆಲ್‌ನಲ್ಲೇ ಕೋಣೆ ಪೂರ್ತಿ ತೋರಿಸಿ, ಬಾಗಿಲು ಎಡಕ್ಕೆ, ಮೇಜು ಬಲಕ್ಕೆ, ಖಾನೆ ಅರ್ಧ ತೆರೆದಿದೆ ಎಂದು ಸ್ಥಾಪಿಸುತ್ತಾರೆ. ಮೂರನೆಯದು ಕೈ ಮತ್ತು ಖಾನೆಯ ಸಣ್ಣ ಪ್ಯಾನೆಲ್. ಕಾಗದದ ಒಂದು ಮೂಲೆ ಹೊರಗೇ ಉಳಿದಿದೆ. ಆರನೆಯದರಲ್ಲಿ ಅದೇ ಮೂಲೆ ಮುಂದೆ ದೊಡ್ಡದಾಗಿ, ಹಿಂದೆ ಗಂಡನ ಕಣ್ಣು. ಮಾತೇ ಬೇಡ. ಎರಡನೆಯವರ ರೇಖೆ ಒರಟಾಗಿದ್ದರೂ ಕಾಮಿಕ್ಸ್ ಚಿತ್ರಕಾರರಾಗಿ ಅವರದೇ ಮೇಲುಗೈ. ನೇರ ಓದಿನಲ್ಲಿ, ಅದರಲ್ಲೂ ಗುಳ್ಳೆಯಲ್ಲಿ ‘ಖಾನೆಯಲ್ಲೇನು?’ ಎಂದಿದ್ದರೆ, ಈ ವ್ಯತ್ಯಾಸ ಸುಲಭವಾಗಿ ಜಾರಿಹೋಗುತ್ತದೆ.

ಆದರೆ ಮೂಕ ಓದು ಎಲ್ಲ ಪುಸ್ತಕಗಳಿಗೂ ನ್ಯಾಯ ಮಾಡುವುದಿಲ್ಲ. ಆತ್ಮಕಥನ, ಪ್ರಬಂಧದಂಥ ಕಾಮಿಕ್ಸ್, ಮಾತಿನ ಚಕಮಕಿಯೇ ಜೀವಾಳವಾದ ಹಾಸ್ಯ ಇವುಗಳಲ್ಲಿ ಚಿತ್ರ ಬೇಕೆಂದೇ ಅರ್ಧ ಹೇಳಿ ನಿಲ್ಲುತ್ತದೆ. ಕಾಮಿಕ್ಸ್ ಕಲೆಯನ್ನು ವಿವರಿಸಿ ಬರೆದ ಅಮೆರಿಕದ ಚಿತ್ರಕಾರ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ದಾಟುವ ಬಗೆಗಳನ್ನು ಆರಾಗಿ ವಿಂಗಡಿಸಿದರು: ಕ್ಷಣದಿಂದ ಕ್ಷಣಕ್ಕೆ, ಕ್ರಿಯೆಯಿಂದ ಕ್ರಿಯೆಗೆ, ವಿಷಯದಿಂದ ವಿಷಯಕ್ಕೆ, ದೃಶ್ಯದಿಂದ ದೃಶ್ಯಕ್ಕೆ, ಒಂದೇ ಜಾಗದ ಒಂದು ಮುಖದಿಂದ ಇನ್ನೊಂದಕ್ಕೆ, ಕೊನೆಗೆ ಸಂಬಂಧವೇ ಇಲ್ಲದ ಜಿಗಿತ. ಕ್ರಿಯೆಯಿಂದ ಕ್ರಿಯೆಗೆ ಸಾಗುವ ಸಾಹಸಕಥೆಗೆ ಮೂಕ ಓದು ಹೇಳಿ ಮಾಡಿಸಿದಂತಿದೆ. ದೃಶ್ಯದಿಂದ ದೃಶ್ಯಕ್ಕೆ ವರ್ಷಗಳನ್ನೇ ದಾಟುವ ಪುಸ್ತಕದಲ್ಲಿ ಕ್ಯಾಪ್ಷನ್ ಓದದೆ ತೀರ್ಪು ಕೊಡುವುದು ಅನ್ಯಾಯ.

ಯಾವುದನ್ನು ಮೊದಲು ಮಾಡಬೇಕು ಎಂಬುದರಲ್ಲೇ ಅಸಲಿ ತೊಡಕು. ಕಥೆ ಒಮ್ಮೆ ಗೊತ್ತಾದ ಮೇಲೆ ಮೂಕ ಓದಿಗೆ ಅರ್ಥವಿಲ್ಲ, ಗೊತ್ತಿರುವುದನ್ನೇ ಕಣ್ಣು ಚಿತ್ರದಲ್ಲಿ ಕಾಣುತ್ತದೆ. ಮೊದಲೇ ಇಡೀ ಪುಸ್ತಕವನ್ನು ಮೂಕವಾಗಿ ನೋಡಿಬಿಟ್ಟರೆ ಅಚ್ಚರಿಗಳೆಲ್ಲ ಸತ್ತುಹೋಗಿ ನೇರ ಓದು ಕೆಡುತ್ತದೆ. ಎರಡೂ ಒಂದು ಸಲ ಮಾತ್ರ ಸಿಗುವ ಅವಕಾಶಗಳು. ನನ್ನ ತೀರ್ಪು: ಮೊದಲ ದೃಶ್ಯವನ್ನು ಮಾತ್ರ ಮೂಕವಾಗಿ ನೋಡಿ, ಉತ್ತರ ಬರೆದಿಟ್ಟು, ಮತ್ತೆ ಒಂದನೇ ಪುಟದಿಂದ ಕೊನೆಯವರೆಗೆ ನೇರವಾಗಿ ಓದುವುದು. ಸ್ಥಳ, ಪಾತ್ರ, ಆಸೆ ಇವನ್ನು ಸ್ಥಾಪಿಸುವ ಹೊಣೆ ಮೊದಲ ದೃಶ್ಯದ್ದೇ ಆದ್ದರಿಂದ ಪರೀಕ್ಷೆಗೆ ಅದೇ ಸೂಕ್ತ. ದೊಡ್ಡ ಅಚ್ಚರಿಗಳು ಸಾಮಾನ್ಯವಾಗಿ ಮುಂದಿರುವುದರಿಂದ ನಷ್ಟವೂ ಕಡಿಮೆ. ಸರಣಿಯ ನಡುವಿನ ಸಂಚಿಕೆಯಾದರೆ ಪಾತ್ರಗಳು ಮೊದಲೇ ಪರಿಚಿತವಾದ್ದರಿಂದ ಹೊಸ ಜಾಗದಲ್ಲಿ ಶುರುವಾಗುವ ಮೊದಲ ದೃಶ್ಯವನ್ನು ಆರಿಸಿಕೊಳ್ಳಿ.

ಕಥನ ಇಷ್ಟಾದರೆ, ಚಿತ್ರಕಲೆಯನ್ನೇ ಅಳೆಯಲು ಎರಡನೇ ಸುತ್ತು ಬೇಕು. ಮೊದಲ ಕೆಲಸ ಬಣ್ಣವನ್ನು ತೆಗೆಯುವುದು. ಪುಟದ ಫೋಟೋ ತೆಗೆದು ಫೋನಿನಲ್ಲಿ ಕಪ್ಪುಬಿಳುಪು ಮಾಡಿ. ಆಗ ಪಾತ್ರಗಳು ಹಿನ್ನೆಲೆಯಲ್ಲಿ ಕರಗಿಹೋದರೆ, ಅವನ್ನು ಬೇರ್ಪಡಿಸುತ್ತಿದ್ದುದು ಬಣ್ಣ ಒಂದೇ. ರೇಖೆಯ ದಪ್ಪ ತೆಳುವಾಗಲಿ, ಕಪ್ಪು ತುಂಬಿದ ಜಾಗಗಳ ಹಂಚಿಕೆಯಾಗಲಿ ಕೆಲಸ ಮಾಡುತ್ತಿಲ್ಲ. ಬಣ್ಣ ಬಳಿದವರು ಪುಟವನ್ನು ಉಳಿಸಿದ್ದಾರೆ, ಆ ಶ್ರೇಯ ಅವರ ಹೆಸರಿಗೇ ಸಲ್ಲಬೇಕು. ಕಪ್ಪುಬಿಳುಪಿನಲ್ಲಿ ಗಟ್ಟಿಯಾಗಿದ್ದ ಪುಟ ಬಣ್ಣದಲ್ಲಿ ಮಂಕಾಗಿ ಕಂಡರೆ ಉಲ್ಟಾ.

ಎರಡನೆಯದು, ಗಡುವಿನ ಗುರುತು. ಅಮೆರಿಕದ ತಿಂಗಳ ಸಂಚಿಕೆಯಲ್ಲಿ ಕಥೆಗೆ ಸಿಗುವುದು ಸಾಮಾನ್ಯವಾಗಿ 20ರಿಂದ 22 ಪುಟ. ಮೊದಲ ಐದು ಪುಟಗಳಲ್ಲಿ ಹಿನ್ನೆಲೆಯೇ ಇಲ್ಲದ ಪ್ಯಾನೆಲ್ ಎಷ್ಟು, ಕೊನೆಯ ಐದರಲ್ಲಿ ಎಷ್ಟು ಎಂದು ಎಣಿಸಿ. ಭಾವದ ಒತ್ತಿಗಾಗಿ ಒಂದೆರಡು ಕಡೆ ಹಿನ್ನೆಲೆ ಬಿಡುವುದು ಜಾಣತನ. ಕೊನೆಯ ಪುಟಗಳಲ್ಲಿ ಅದು ದುಪ್ಪಟ್ಟಾಗಿ, ಅದೇ ಮುಖ ಅದೇ ಕೋನದಲ್ಲಿ ಮರುಕಳಿಸಿ, ಶ್ರೇಯದ ಪಟ್ಟಿಯಲ್ಲಿ ಇಬ್ಬರು ಮೂವರು ಇಂಕರ್‌ಗಳ (ಪೆನ್ಸಿಲ್ ಚಿತ್ರದ ಮೇಲೆ ಶಾಯಿಯ ರೇಖೆ ಎಳೆಯುವವರ) ಹೆಸರಿದ್ದರೆ ಸಮಯ ಸಾಲಲಿಲ್ಲ ಎಂದು ಊಹಿಸಬಹುದು. ಮೊದಲ ಪುಟಗಳನ್ನಷ್ಟೇ ನೋಡಿ ಕೊಳ್ಳುವವರು ಮೋಸ ಹೋಗುವುದು ಇಲ್ಲಿ.

ಯಾವುದರಲ್ಲಿ ಓದಿದಿರಿ ಎಂಬುದರ ಪರಿಣಾಮವೂ ಸಣ್ಣದಲ್ಲ. ಅಮೆರಿಕದ ಸಂಚಿಕೆಯ ಅಗಲ ಸುಮಾರು ಆರೂವರೆ ಇಂಚು, ಎತ್ತರ ಹತ್ತೂಕಾಲು. ಮೂಲ ಚಿತ್ರ ಬರೆಯುವುದು ಸುಮಾರು 10×15 ಇಂಚಿನಲ್ಲಿ. ಅಚ್ಚಿನಲ್ಲಿ ಅದು ಮೂರನೇ ಎರಡು ಭಾಗಕ್ಕೆ ಇಳಿಯುತ್ತದೆ, ಕೂದಲೆಳೆಯ ರೇಖೆಗಳು ಸೇರಿಕೊಂಡು ಕಪ್ಪಾಗುತ್ತವೆ. ಪರದೆಯ ಮೇಲೆ ಹೊಳೆಯುವ ಕಡುನೀಲಿ ರಾತ್ರಿಗಳು ಶಾಯಿ ಹೀರುವ ಕಾಗದದಲ್ಲಿ ಕೆಸರಾಗುತ್ತವೆ. ಪೂರ್ಣಪುಟ ಹಿಡಿಸುವ ಟ್ಯಾಬ್ಲೆಟ್‌ನಲ್ಲಿ ಒಂಟಿಪುಟದ ವಿನ್ಯಾಸ ಸರಿಯಾಗಿ ಕಾಣುತ್ತದೆ, ಜೋಡಿಪುಟದ ಚಿತ್ರ ಮಾತ್ರ ಕುಗ್ಗುತ್ತದೆ. ಫೋನಿನಲ್ಲಿ ಒಂದೊಂದೇ ಪ್ಯಾನೆಲ್ ತೋರಿಸುವ ವ್ಯವಸ್ಥೆಯಲ್ಲಿ ರೇಖೆಯ ಗುಣ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಅಂಗೈಯಷ್ಟರ ಪ್ಯಾನೆಲ್ಲೂ ಅಂಗುಷ್ಠದಷ್ಟರ ಪ್ಯಾನೆಲ್ಲೂ ಪರದೆ ತುಂಬ ಒಂದೇ ಅಳತೆಗೆ ಬರುವುದರಿಂದ ಪುಟದ ಲಯವನ್ನು ಅದರಲ್ಲಿ ಅಳೆಯಲಾಗದು. ಮಾಂಗಾದ ಬೂದುಛಾಯೆಗೆ ಬಳಸುವ ಚುಕ್ಕಿಗಳು ಸಣ್ಣ ಪರದೆಯಲ್ಲಿ ಅಲೆಅಲೆಯಾಗಿ ಕಾಣುವುದು ಪರದೆಯ ದೋಷವೇ ಇರಬಹುದು, ಹಿಗ್ಗಿಸಿ ನೋಡಿದಾಗ ಅಲೆ ಹೋದರೆ ಚಿತ್ರಕಾರರ ಮೇಲೆ ತಪ್ಪು ಹೊರಿಸಬೇಡಿ.

ಫೋನಿಗಾಗಿಯೇ ಬರೆದ, ಮೇಲಿಂದ ಕೆಳಕ್ಕೆ ಜಾರಿಸುತ್ತಾ ಓದುವ ವೆಬ್‌ಟೂನ್‌ಗೆ ಈ ಪುಟದ ಲೆಕ್ಕಗಳು ಅನ್ವಯಿಸುವುದಿಲ್ಲ. ಅಲ್ಲಿ ಎರಡು ಚಿತ್ರಗಳ ನಡುವಿನ ಖಾಲಿ ಜಾಗವೇ ಕಾಲ. ಅಚ್ಚರಿಗೆ ಮುನ್ನ ಒಂದು ಪರದೆಯಷ್ಟು ಖಾಲಿ ಬಿಟ್ಟಿದ್ದಾರೆಯೇ, ಮಾತಿನ ಗುಳ್ಳೆ ಮುಖಕ್ಕಿಂತ ಮೊದಲು ಕಾಣುತ್ತದೆಯೇ ಆಮೇಲೆಯೇ ಎಂದು ನೋಡಬೇಕು. ಅದನ್ನು ಪುಸ್ತಕವಾಗಿ ಮುದ್ರಿಸಿದಾಗ ಖಾಲಿ ಜಾಗ ಕತ್ತರಿಸಿ ಪ್ಯಾನೆಲ್‌ಗಳನ್ನು ಒತ್ತೊತ್ತಾಗಿ ಜೋಡಿಸಿದ್ದರೆ, ಅದೇ ಕಥೆ ಅವಸರದ್ದಾಗಿ ತೋರುತ್ತದೆ. ಅಂಥದ್ದನ್ನು ಫೋನಿನಲ್ಲಿ ಓದಿಯೇ ಅಳೆಯುವುದು ಒಳ್ಳೆಯದು.