ಹೆಲ್ಲಿಸ್‌ಹೇಯ್ಡಿ ಭೂಶಾಖ ಸ್ಥಾವರ: ಗ್ಯಾಸಿಗೆ ಒಂಬತ್ತು ಅಂಕ, ಹಬೆಗೆ ಐದು

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಿಂದ ಪೂರ್ವಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ಹೆಂಗಿಲ್ ಜ್ವಾಲಾಮುಖಿಯ ಬುಡದಲ್ಲಿ ಹೆಲ್ಲಿಸ್‌ಹೇಯ್ಡಿ ಸ್ಥಾವರವಿದೆ. 45 ಮೆಗಾವಾಟಿನ ಆರು ಟರ್ಬೈನು, ಕಡಿಮೆ ಒತ್ತಡದಲ್ಲಿ ಓಡುವ 33 ಮೆಗಾವಾಟಿನದು ಒಂದು, ಒಟ್ಟು 303 ಮೆಗಾವಾಟ್. ಜೊತೆಗೆ ರಾಜಧಾನಿಯ ಮನೆಗಳಿಗೆ ಬಿಸಿನೀರು. ವಿದ್ಯುತ್ ಬರುತ್ತದೆ, ನೀರು ಬಿಸಿಯಾಗಿಯೇ ತಲುಪುತ್ತದೆ. ಅದರಲ್ಲಿ ವಿಮರ್ಶೆ ಮಾಡುವಂಥದ್ದು ಹೆಚ್ಚಿಲ್ಲ. ಇಲ್ಲಿ ಅಂಕ ಕೊಡುತ್ತಿರುವುದು ‘ಹಸಿರು’ ಎಂಬ ಹಣೆಪಟ್ಟಿಯ ಹಿಂದಿರುವ ಮೂರು ಕೆಲಸಗಳಿಗೆ: ಹಬೆಯ ಜೊತೆ ಬರುವ ಗ್ಯಾಸಿನ ವಿಲೇವಾರಿ, ಬಳಸಿದ ನೀರನ್ನು ನೆಲಕ್ಕೆ ವಾಪಸ್ ಇಳಿಸುವುದು, ಹಬೆಯ ಬಾಳಿಕೆ. ಮೊದಲನೆಯದಕ್ಕೆ ಹತ್ತಕ್ಕೆ ಒಂಬತ್ತು, ಎರಡನೆಯದಕ್ಕೆ ಏಳು, ಮೂರನೆಯದಕ್ಕೆ ಐದು. ಪ್ರಚಾರವೆಲ್ಲ ಮೊದಲನೆಯದರದ್ದು, ಸ್ಥಾವರದ ಆಯುಸ್ಸು ನಿರ್ಧಾರವಾಗುವುದು ಮಾತ್ರ ಮೂರನೆಯದರಿಂದ.

ಗ್ಯಾಸಿನಿಂದ ಶುರು ಮಾಡೋಣ. ಎರಡರಿಂದ ಮೂರು ಕಿಲೋಮೀಟರ್ ಆಳದ ಬಾವಿಗಳಿಂದ ನೀರು, ಹಬೆ ಬೆರೆತೇ ಮೇಲೆ ಬರುತ್ತವೆ. ಸೆಪರೇಟರಿನಲ್ಲಿ ಹಬೆ ಬೇರೆಯಾಗಿ ಟರ್ಬೈನಿಗೆ ಹೋಗುತ್ತದೆ, ಅಲ್ಲಿಂದ ಕಂಡೆನ್ಸರಿನಲ್ಲಿ ತಣಿದು ನೀರಾಗುತ್ತದೆ. ಹಬೆಯ ತೂಕದಲ್ಲಿ ಶೇ 1ಕ್ಕಿಂತ ಕಡಿಮೆ ಪಾಲು ಮಾತ್ರ ಎಷ್ಟು ತಣಿಸಿದರೂ ನೀರಾಗುವುದಿಲ್ಲ. ಅದು ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಸ್ವಲ್ಪ ಹೈಡ್ರೋಜನ್. ಅದನ್ನು ಪಂಪಿನಿಂದ ಹೊರಗೆಳೆಯದಿದ್ದರೆ ಕಂಡೆನ್ಸರಿನ ನಿರ್ವಾತ ಕೆಡುತ್ತದೆ, ಟರ್ಬೈನು ಸೋಲುತ್ತದೆ. ಹಾಗೆ ಎಳೆದದ್ದನ್ನು ಮೊದಲು ಆಕಾಶಕ್ಕೆ ಬಿಡುತ್ತಿದ್ದರು. ವರ್ಷಕ್ಕೆ ಸುಮಾರು 40,000 ಟನ್ ಕಾರ್ಬನ್ ಡೈಆಕ್ಸೈಡ್, 10,000 ಟನ್ನಿನ ಆಸುಪಾಸು ಹೈಡ್ರೋಜನ್ ಸಲ್ಫೈಡ್.

ಒತ್ತಡ ತಂದದ್ದು ಎರಡನೆಯ ಗ್ಯಾಸು, ಅಂದರೆ ಕೊಳೆತ ಮೊಟ್ಟೆಯ ವಾಸನೆಯದು. ಬೆಳ್ಳಿ ಕಪ್ಪಾಗಿಸುತ್ತದೆ, ಎಲೆಕ್ಟ್ರಾನಿಕ್ ಸಾಮಾನಿನ ತಾಮ್ರ ತಿನ್ನುತ್ತದೆ. 2010ರಲ್ಲಿ ಐಸ್‌ಲ್ಯಾಂಡ್ ಸರ್ಕಾರ 24 ಗಂಟೆಗಳ ಸರಾಸರಿಗೆ ಘನ ಮೀಟರಿಗೆ 50 ಮೈಕ್ರೋಗ್ರಾಂ ಮಿತಿ ಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 150. ಮೂರು ಪಟ್ಟು ಬಿಗಿ. ಗಂಧಕ ಬೇರ್ಪಡಿಸುವ ಘಟಕ ಕಟ್ಟಿದ್ದರೆ ಕೈಗೆ ಬರುತ್ತಿದ್ದದ್ದು ಕೊಳ್ಳುವವರಿಲ್ಲದ ಗಂಧಕದ ಗುಡ್ಡೆ. ಎರಡೂ ಗ್ಯಾಸನ್ನು ಒಟ್ಟಿಗೆ ನೀರಿನಲ್ಲಿ ಕರಗಿಸಿ ಕಲ್ಲಿಗೆ ಉಣಿಸುವುದು ಅದಕ್ಕಿಂತ ಅಗ್ಗ.

ಹೀಗೆ ಕಲ್ಲಿಗೆ ಉಣಿಸುವ ವಿಧಾನದ ಹೆಸರು ಕಾರ್ಬ್‌ಫಿಕ್ಸ್, ಅದು ಹೀಗಿದೆ. ಗ್ಯಾಸನ್ನು ಸುಮಾರು 6 ಬಾರ್ ಒತ್ತಡದ ಗೋಪುರದ ಬುಡದಿಂದ ಬಿಡುತ್ತಾರೆ, ಮೇಲಿನಿಂದ ಕಂಡೆನ್ಸರಿನ ತಣ್ಣನೆಯ ನೀರು ಸುರಿಯುತ್ತದೆ. ಹೈಡ್ರೋಜನ್ ಸಲ್ಫೈಡ್ ನೀರಿಗೆ ಬೇಗ ಒಲಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಅಷ್ಟು ಬೇಗ ಒಲಿಯುವುದಿಲ್ಲ. ಮೊದಲ ಗೋಪುರದಲ್ಲಿ ಸಿಕ್ಕದ್ದು ಸ್ಥಾವರದ ಸಲ್ಫೈಡಿನಲ್ಲಿ ಮುಕ್ಕಾಲು, ಕಾರ್ಬನ್ ಡೈಆಕ್ಸೈಡಿನಲ್ಲಿ ಮೂರನೇ ಒಂದು ಪಾಲು. ಈ ಹುಳಿನೀರು ಕೊಳವೆಯಲ್ಲಿ ಹೂಸ್‌ಮೂಲಿ ಎಂಬ ಜಾಗದ ಬಾವಿಗೆ ಹೋಗುತ್ತದೆ. ಬಾವಿಯ ಒಳಗೆ ಸ್ಟೇನ್‌ಲೆಸ್ ಸ್ಟೀಲಿನ ಇನ್ನೊಂದು ಕೊಳವೆ ಸುಮಾರು 750 ಮೀಟರ್ ಕೆಳಕ್ಕೆ ಇಳಿದಿದೆ. ಹುಳಿನೀರು ಅದರೊಳಗೆ ಹರಿದರೆ, ಸ್ಥಾವರದ ಉಳಿದ ನೀರು ಅದರ ಸುತ್ತಲಿನ ಸಂದಿಯಲ್ಲಿ ಹರಿಯುತ್ತದೆ. ಎರಡೂ ಸೇರುವುದು ಉಕ್ಕಿನ ಕೇಸಿಂಗ್ ಮುಗಿದ ಮೇಲೆ. ಈ ಕ್ರಮ ತಪ್ಪಿದರೆ ಸಾಮಾನ್ಯ ಉಕ್ಕಿನ ಕೇಸಿಂಗನ್ನು ಆಮ್ಲ ತಿಂದುಹಾಕುತ್ತದೆ.

ಗೋಲಿ ಸೋಡಾದ ಗೋಲಿ ಒತ್ತಿದ ಕೂಡಲೇ ಗ್ಯಾಸ್ ಬುಸ್ಸೆಂದು ಏಳುತ್ತದಲ್ಲ, ಇಲ್ಲಿ ಗೋಲಿಯ ಕೆಲಸ ಮಾಡುವುದು ಆಳ. ಮೇಲಿರುವ ನೀರಿನ ಕಂಬದ ಭಾರ ಗ್ಯಾಸನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಡುತ್ತದೆ. ಕರಗಿದ ಗ್ಯಾಸಿಗೆ ತೇಲುವ ಗುಣವಿಲ್ಲ. ಗ್ಯಾಸ್ ಕರಗಿದ ನೀರು ಸುತ್ತಲಿನ ನೀರಿಗಿಂತ ತುಸು ಭಾರ, ಕೆಳಕ್ಕೇ ಹೋಗುತ್ತದೆ. ಆದ್ದರಿಂದ ಮೇಲೆ ಗಟ್ಟಿ ಮುಚ್ಚಳದಂಥ ಕಲ್ಲಿನ ಪದರ ಇರಲೇಬೇಕೆಂಬ ಹಟವಿಲ್ಲ. ಕೆಳಗೆ ಬಸಾಲ್ಟ್, ನಮ್ಮ ಕರಿಕಲ್ಲಿನ ಜಾತಿ. ಅದರ ತೂಕದ ಕಾಲು ಭಾಗದವರೆಗೂ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಇರುತ್ತದೆ. ಆಮ್ಲ ಇವನ್ನು ಕಲ್ಲಿನಿಂದ ಬಿಡಿಸುತ್ತದೆ, ಆಮ್ಲ ಮುರಿದಂತೆಲ್ಲ ಕಾರ್ಬನ್ ಡೈಆಕ್ಸೈಡ್ ಕ್ಯಾಲ್ಸೈಟ್ ಎಂಬ ಖನಿಜವಾಗಿಯೂ ಸಲ್ಫೈಡ್ ಪೈರೈಟ್ ಎಂಬ ಖನಿಜವಾಗಿಯೂ ಕೂರುತ್ತದೆ.

ಫಲಿತಾಂಶಗಳು ಗಟ್ಟಿ. 2012ರಲ್ಲಿ ಇನ್ನೊಂದು ಜಾಗದಲ್ಲಿ, 400–800 ಮೀಟರ್ ಆಳದ ತಂಪು ಕಲ್ಲಿಗೆ 175 ಟನ್ ಶುದ್ಧ ಕಾರ್ಬನ್ ಡೈಆಕ್ಸೈಡನ್ನೂ ಆಮೇಲೆ 73 ಟನ್ ಗ್ಯಾಸ್ ಮಿಶ್ರಣವನ್ನೂ ಇಳಿಸಿದರು. ಶೇ 95 ಎರಡು ವರ್ಷದೊಳಗೆ ಖನಿಜವಾಯಿತೆಂದು 2016ರಲ್ಲಿ ಪ್ರಕಟಿಸಿದರು. ನೂರಾರು ವರ್ಷ ಬೇಕೆಂದು ನಂಬಿದ್ದ ಕಾಲ ಅದು. 2014ರ ಜೂನ್‌ನಿಂದ ಹೂಸ್‌ಮೂಲಿಯಲ್ಲಿ 250 ಡಿಗ್ರಿಗೂ ಮೀರಿದ ಬಿಸಿ ಕಲ್ಲಿಗೆ ನಿರಂತರವಾಗಿ ಇಳಿಸುತ್ತಿದ್ದಾರೆ. ಅಲ್ಲಿ ನಾಲ್ಕೇ ತಿಂಗಳಲ್ಲಿ ಕಾರ್ಬನ್ ಡೈಆಕ್ಸೈಡಿನ ಶೇ 60ಕ್ಕೂ ಹೆಚ್ಚು, ಸಲ್ಫೈಡಿನ ಶೇ 85ಕ್ಕೂ ಹೆಚ್ಚು ಕಲ್ಲಾಗಿದೆ. ಖರ್ಚು ಮಿಶ್ರಣದ ಟನ್ನಿಗೆ ಸುಮಾರು 25 ಡಾಲರ್. ಉಳಿದ ಗ್ಯಾಸನ್ನೂ ಹಿಡಿಯುವ ಸಿಲ್ವರ್‌ಸ್ಟೋನ್ ಯೋಜನೆಗೆ ಐರೋಪ್ಯ ಒಕ್ಕೂಟದ ನೆರವಿದ್ದು, ಗುರಿ ಕಾರ್ಬನ್ ಡೈಆಕ್ಸೈಡಿನ ಶೇ 95. (ಪಕ್ಕದಲ್ಲೇ ಗಾಳಿಯಿಂದ ಕಾರ್ಬನ್ ಹೀರುವ ಓರ್ಕಾ, ಮ್ಯಾಮತ್ ಘಟಕಗಳಿವೆ. ಅವು ಬೇರೆ ಕಂಪನಿಯವು, ಖರ್ಚಿನ ಲೆಕ್ಕವೂ ಬೇರೆಯೇ. ಎರಡನ್ನೂ ಒಂದೇ ಎಂದು ಬರೆಯುವ ವರದಿಗಳನ್ನು ನಂಬಬೇಡಿ.)

ಆ 25 ಡಾಲರನ್ನು ಎಲ್ಲೆಡೆಗೂ ಹಚ್ಚಬಾರದು. ಗ್ಯಾಸು ಆಗಲೇ ಗಾಢವಾಗಿ ಒಂದೆಡೆ ಸಿಗುತ್ತದೆ, ನೀರು ಸ್ಥಾವರದ್ದೇ, ಬಾವಿ ಆಗಲೇ ಕೊರೆದದ್ದು, ಪಂಪಿನ ಕರೆಂಟು ಮನೆಯದೇ. ಅದರಲ್ಲಿ ನೀರೇ ದೊಡ್ಡ ಬಾಬತ್ತು. ಒಂದು ಟನ್ ಕಾರ್ಬನ್ ಡೈಆಕ್ಸೈಡ್ ಕರಗಿಸಲು 25 ಬಾರ್ ಒತ್ತಡದಲ್ಲೂ ಸುಮಾರು 25 ಟನ್ ನೀರು ಬೇಕು. ಒತ್ತಡ ಇಳಿದಷ್ಟೂ ನೀರು ಏರುತ್ತದೆ.

ಕೆಡುವುದು ಎಲ್ಲಿ? ಮೊದಲ ಪ್ರಯೋಗದಲ್ಲಿ ಪರೀಕ್ಷಾ ಬಾವಿಯ ಮುಳುಗು ಪಂಪು ಕ್ಯಾಲ್ಸೈಟ್ ಕಟ್ಟಿಕೊಂಡು ನಿಂತೇಹೋಯಿತು. ಗ್ಯಾಸ್ ಕಲ್ಲಾಗಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಿರಲಿಲ್ಲ, ಪಂಪು ಹೋದದ್ದು ಮಾತ್ರ ಹೋಯಿತು. ತಂಪು ಬಾವಿಗಳಲ್ಲಿ ಸೂಕ್ಷ್ಮಜೀವಿಗಳ ಲೋಳೆಯೂ ಬಾವಿಯ ಬಾಯಿ ಕಟ್ಟುತ್ತದೆ. ಬಿಸಿ ಕಲ್ಲಿನಲ್ಲಿ ಆ ಕಾಟವಿಲ್ಲ. ಬಾವಿಯ ಹತ್ತಿರದಲ್ಲಿ ನೀರು ಇನ್ನೂ ಹುಳಿಯಾಗಿರುವುದರಿಂದ ಕಲ್ಲು ಕರಗುತ್ತದೆಯೇ ಹೊರತು ಕಟ್ಟಿಕೊಳ್ಳುವುದಿಲ್ಲ. ಒಂದು ಅಂಕ ಕಡಿತವಾದದ್ದು ವರ್ಷಗಟ್ಟಲೆ ಗೋಪುರ ಚಿಕ್ಕದಾಗಿಯೇ ಉಳಿದು, ಕಾರ್ಬನ್ ಡೈಆಕ್ಸೈಡಿನ ಬಹುಪಾಲು ಗಾಳಿಗೇ ಹೋಗುತ್ತಿದ್ದುದಕ್ಕೆ.

ಇನ್ನು ನೀರು. ನಮ್ಮ ಬಚ್ಚಲುಮನೆಯ ಗೀಸರಿನಲ್ಲಿ ಬೋರ್‌ವೆಲ್ ನೀರು ಬಿಳಿ ಪದರ ಕಟ್ಟುವುದನ್ನು ಕಂಡವರಿಗೆ ಇದು ಹೊಸದಲ್ಲ. (ಗೀಸರ್ ಎಂಬ ಹೆಸರೇ ಐಸ್‌ಲ್ಯಾಂಡಿನ ಗೇಸಿರ್ ಬಿಸಿನೀರ ಬುಗ್ಗೆಯಿಂದ ಬಂದದ್ದು.) ಅಲ್ಲಿ ಕಟ್ಟುವುದು ಸಿಲಿಕಾ, ಗಾಜಿನಷ್ಟು ಗಟ್ಟಿ, ಮನೆಯ ಪದರದಂತೆ ಸಾಮಾನ್ಯ ಆಮ್ಲಕ್ಕೆ ಬಗ್ಗುವುದಿಲ್ಲ. ಸೆಪರೇಟರಿನ ನೀರಿನಿಂದ ಇನ್ನೊಮ್ಮೆ ಹಬೆ ತೆಗೆದು 33 ಮೆಗಾವಾಟಿನ ಟರ್ಬೈನ್ ಓಡಿಸುತ್ತಾರೆ. ಲಾಭವೇ. ಆದರೆ ಉಳಿದ ನೀರು ತಣಿಯುತ್ತದೆ, ಸಿಲಿಕಾ ದಟ್ಟವಾಗುತ್ತದೆ, ಕೊಳವೆಗೋಡೆಗೆ ಹತ್ತಲು ಶುರು. ಕಂಡೆನ್ಸರಿನ ನೀರು ಬೆರೆಸಿ ತೆಳು ಮಾಡುವುದು ಸರಳ ಉಪಾಯ. ಬೇರೆ ದೇಶಗಳಲ್ಲಿ ಆಮ್ಲ ಬೆರೆಸುತ್ತಾರೆ. ಸಿಲಿಕಾ ಕಟ್ಟುವುದು ನಿಧಾನವಾಗುತ್ತದೆ, ಆಮ್ಲದ ಪ್ರಮಾಣ ಮೀರಿದರೆ ಕೇಸಿಂಗ್ ಹೋಗುತ್ತದೆ. ಹೆಚ್ಚು ವಿದ್ಯುತ್ ಹಿಂಡಿದಷ್ಟೂ ನೀರು ಇಳಿಸುವ ಬಾವಿಗೆ ಕಷ್ಟ ಎಂಬ ಲೆಕ್ಕವನ್ನು ಮಾರಾಟದ ಕೈಪಿಡಿಗಳಲ್ಲಿ ಹುಡುಕಬೇಡಿ.

ನೀರಿನ ಬಿಸಿಯೂ ಆಟ ಆಡಿಸುತ್ತದೆ. ತಣ್ಣನೆಯ ನೀರು ಹೋದರೆ ಕಲ್ಲು ಕುಗ್ಗಿ ಬಿರುಕು ಅಗಲವಾಗುತ್ತದೆ, ಬಾವಿ ಹೆಚ್ಚು ಕುಡಿಯುತ್ತದೆ. ನೀರು ಬಿಸಿಯಾಗಿದ್ದರೆ ಅದೇ ಬಾವಿ ಕಡಿಮೆ ಕುಡಿಯುತ್ತದೆ. ತಣ್ಣಗೆ ಮಾಡಿ ಬಿಡಬಹುದಲ್ಲ ಎಂದರೆ, ಆ ತಂಪು ಉತ್ಪಾದನಾ ಬಾವಿಗಳತ್ತ ಸರಿಯುವ ಭಯ. ಹೂಸ್‌ಮೂಲಿಯಲ್ಲಿ ಟ್ರೇಸರ್ (ನೀರು ಎತ್ತ ಹೋಯಿತೆಂದು ಪತ್ತೆಹಚ್ಚಲು ಬೆರೆಸುವ ಗುರುತಿನ ವಸ್ತು) ಬಿಟ್ಟು ನೋಡಿದಾಗ ಕೆಲವು ಬಾವಿಗಳಲ್ಲಿ ಅದು ವಾರಗಳೊಳಗೇ ಕಾಣಿಸಿಕೊಂಡಿತು.

2011ರ ಸೆಪ್ಟೆಂಬರಿನಲ್ಲಿ ಹೂಸ್‌ಮೂಲಿಯ ಬಾವಿಗಳಿಗೆ ದೊಡ್ಡ ಪ್ರಮಾಣದಲ್ಲಿ ನೀರು ಬಿಡಲು ತೊಡಗಿದ ಕೂಡಲೇ ನೆಲ ನಡುಗತೊಡಗಿತು. ಸಣ್ಣ ಕಂಪನಗಳ ಸರಣಿ, ಅಕ್ಟೋಬರ್ 15ರಂದು ಸುಮಾರು 4ರ ಪ್ರಮಾಣದ ಎರಡು. ಹತ್ತಿರದ ಹ್ವೇರಾಗೆರ್ದಿ ಪಟ್ಟಣದವರು ಸಿಟ್ಟಾದರು, ನ್ಯಾಯವಾಗಿಯೇ. ನೀರಿನ ಒತ್ತಡ ಆಗಲೇ ಬಿಗಿದುಕೊಂಡಿದ್ದ ಬಿರುಕುಗಳನ್ನು ಜಾರಿಸುತ್ತದೆ. ಹರಿವು ಥಟ್ಟನೆ ಏರಿಸಿದರೆ, ಥಟ್ಟನೆ ನಿಲ್ಲಿಸಿದರೂ, ಅಪಾಯ ಹೆಚ್ಚು. ಆಮೇಲೆ ಬಂದ ಕ್ರಮದಲ್ಲಿ ಬದಲಾವಣೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ, ಊರಿನವರಿಗೆ ಮುಂಚೆಯೇ ಸುದ್ದಿ ಹೋಗುತ್ತದೆ. ಏಳು ಅಂಕ ಈ ತಿದ್ದುಪಡಿಗೆ. ಅದಿಲ್ಲದಿದ್ದರೆ ನಾಲ್ಕು. ಇಷ್ಟೆಲ್ಲ ಕಾಟವಿದ್ದರೂ ನೀರು ಇಳಿಸದೆ ಗತಿಯಿಲ್ಲ. 1958ರಲ್ಲಿ ಶುರುವಾದ ನ್ಯೂಜಿಲೆಂಡಿನ ವೈರಾಕೆಯಲ್ಲಿ ದಶಕಗಟ್ಟಲೆ ಬಿಸಿನೀರು ತೆಗೆದು ನದಿಗೆ ಬಿಟ್ಟರು. ಒಂದು ಕಡೆ ನೆಲ 15 ಮೀಟರಿನಷ್ಟು ಕುಸಿಯಿತು.

ಹಬೆಯ ಬಾಳಿಕೆಗೆ ಐದೇ ಅಂಕ ಏಕೆಂದರೆ, 2006ರಲ್ಲಿ 90 ಮೆಗಾವಾಟಿನಿಂದ ಶುರುವಾದ ಸ್ಥಾವರ 2011ಕ್ಕೆ 303 ಮುಟ್ಟಿತು. ಐದೇ ವರ್ಷ. ಭೂಶಾಖ ಕ್ಷೇತ್ರದ ನಿಜವಾದ ಶಕ್ತಿ ಕೊರೆದಾಗ ತಿಳಿಯುವುದಿಲ್ಲ, ಹಲವು ವರ್ಷ ತೆಗೆದ ಮೇಲೆ ಒತ್ತಡ ಎಷ್ಟು ಇಳಿಯಿತು ಎಂಬುದರಿಂದ ತಿಳಿಯುತ್ತದೆ. 100ರಿಂದ 300 ವರ್ಷ ಅದೇ ಪ್ರಮಾಣದಲ್ಲಿ ತೆಗೆಯಲು ಬಂದರೆ ಅದು ಸುಸ್ಥಿರ ಎಂಬ ವ್ಯಾಖ್ಯೆ ಐಸ್‌ಲ್ಯಾಂಡಿನ ತಜ್ಞರದ್ದೇ. ಒಂದು ಹಂತ ಕಟ್ಟಿ, ಹಲವು ವರ್ಷ ನೋಡಿ, ಮುಂದಿನ ಹಂತ ಕಟ್ಟಬೇಕೆಂಬ ಪಾಠ ಹೇಳಿದವರೂ ಅವರೇ. ಇಲ್ಲಿ ಕಾಯಲಿಲ್ಲ. ಹಬೆ ಇಳಿಯಿತು. ಪಕ್ಕದ ಹ್ವೇರಾಹ್ಲಿದ್ ಕ್ಷೇತ್ರದಲ್ಲಿ 90 ಮೆಗಾವಾಟಿನ ಬೇರೆ ಸ್ಥಾವರ ಕಟ್ಟಬೇಕೆಂದಿದ್ದವರು, ಕೊನೆಗೆ ಅಲ್ಲಿನ ಬಾವಿಗಳ ಹಬೆಯನ್ನು ಕೊಳವೆ ಹಾಕಿ ಇಲ್ಲಿಗೇ ತಂದರು. ಹಬೆ ಬಂತು, ಸರಿಯಾದ ನಿರ್ಧಾರವೂ ಹೌದು. ಆದರೆ ಅದು ಮುಂದಿನ ತಲೆಮಾರಿನ ಠೇವಣಿ ಮುರಿದು ಈ ತಿಂಗಳ ಖರ್ಚು ತೂಗಿಸಿದ ಹಾಗೆ.

ಜ್ವಾಲಾಮುಖಿಯ ಪಕ್ಕ ಕಟ್ಟುವವರು ಇನ್ನೊಂದು ಬಾಬತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದೇ ದೇಶದ ಸ್ವಾರ್ತ್ಸೆಂಗಿ ಸ್ಥಾವರದ ಸುತ್ತ ಲಾವಾ ತಡೆಗೋಡೆ ಎಬ್ಬಿಸಿದ್ದರು. 2024ರ ಫೆಬ್ರುವರಿ 8ರಂದು ಜ್ವಾಲಾಮುಖಿ ಉಕ್ಕಿದಾಗ ಸ್ಥಾವರ ಉಳಿಯಿತು, ಹೊರಗಿನ ಬಿಸಿನೀರ ಮುಖ್ಯ ಕೊಳವೆ ಲಾವಾಕ್ಕೆ ಸಿಕ್ಕಿತು. ಚಳಿಗಾಲದಲ್ಲಿ 20,000ಕ್ಕೂ ಹೆಚ್ಚು ಜನರ ಮನೆ ತಣ್ಣಗಾಯಿತು. ಅವಸರದಲ್ಲಿ ಹೂತ ಬದಲಿ ಕೊಳವೆಯೂ ಹೊಸ ಲಾವಾದಡಿ ಒಡೆಯಿತು.

ಯಾರು ಕೊಳ್ಳಬಹುದು? ಕಾರ್ಬ್‌ಫಿಕ್ಸ್ ಈಗ ಪ್ರತ್ಯೇಕ ಕಂಪನಿ, ಬೇರೆಯವರಿಗೂ ಸೇವೆ ಕೊಡುತ್ತದೆ. ಕಲ್ಲು ನೋಡಿ ಕೊಳ್ಳಬೇಕು. ಕೀನ್ಯಾದ ಓಲ್ಕಾರಿಯಾದಲ್ಲಿ ಹಬೆ ಧಾರಾಳ, ಆದರೆ ಅಲ್ಲಿನ ಕಲ್ಲಿನಲ್ಲಿ ಸಿಲಿಕಾ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಹೂಸ್‌ಮೂಲಿಯ ವೇಗ ಅಲ್ಲಿ ನಿರೀಕ್ಷಿಸುವಂತಿಲ್ಲ. ನಮ್ಮ ವಿಜಯಪುರ, ಬೀದರ್, ಕಲಬುರಗಿಯ ಎರೆಮಣ್ಣಿನ ಕೆಳಗೆ ಇರುವುದು ಅಸಲಿ ಬಸಾಲ್ಟ್. ಆರೂವರೆ ಕೋಟಿ ವರ್ಷ ಹಳೆಯದು, ಆ ಲಾವಾದ ಶಾಖ ಎಂದೋ ಆರಿದೆ, ಹಬೆಯ ಆಸೆ ಬಿಡಬೇಕು. ಕಾರ್ಬನ್ ಹೂಳಲು ಆದೀತೇ ಎಂಬ ಚರ್ಚೆ ಆಗಾಗ ಏಳುತ್ತದೆ. ಕೂಡಗಿಯ 2,400 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವನ್ನೇ ತೆಗೆದುಕೊಳ್ಳಿ. ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಗಂಟೆಗೆ 2,000 ಟನ್ನಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್. ಟನ್ನಿಗೆ 25 ಟನ್ ನೀರೆಂದರೆ ಗಂಟೆಗೆ 50,000 ಟನ್, ವರ್ಷಕ್ಕೆ ಹದಿನೈದು ಟಿಎಂಸಿಗೂ ಹೆಚ್ಚು. ಕೃಷ್ಣಾ ಕೊಳ್ಳದಲ್ಲಿ ಅಷ್ಟು ನೀರು ಕೇಳಿ ನೋಡಿ! ಕೆಳಗಿನ ನೀರನ್ನೇ ಎತ್ತಿ ಮತ್ತೆ ಇಳಿಸಬಹುದು, ಆದರೆ ಅಷ್ಟು ಕುಡಿಯುವ ಬಿರುಕು ಆ ಕಲ್ಲಿನಲ್ಲಿ ಇದೆಯೇ ಎಂಬುದನ್ನು ಕೊರೆದೇ ತಿಳಿಯಬೇಕು.

ಹಬೆ ಇರುವ ದೇಶದವರು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮೂರು ಕಾಗದ ಕೇಳಬೇಕು: ಇಳಿಸುವ ಬಾವಿಯಿಂದ ಉತ್ಪಾದನಾ ಬಾವಿಗೆ ಟ್ರೇಸರ್ ಎಷ್ಟು ದಿನದಲ್ಲಿ ಬಂತು, ಬಾವಿ ಬೇರೆ ಬೇರೆ ಬಿಸಿಯಲ್ಲಿ ಎಷ್ಟು ನೀರು ಕುಡಿಯಿತು, ಮೊದಲ ಹಂತ ಶುರುವಾದ ಮೇಲೆ ಕ್ಷೇತ್ರದ ಒತ್ತಡ ವರ್ಷವರ್ಷಕ್ಕೆ ಎಷ್ಟು ಇಳಿಯಿತು. ಮೂರನೆಯ ಕಾಗದದಲ್ಲಿ ಎರಡೇ ವರ್ಷದ ಅಂಕಿಗಳಿದ್ದರೆ ಎರಡನೇ ಹಂತದ ಟರ್ಬೈನಿಗೆ ಆರ್ಡರ್ ಕೊಡಬೇಡಿ.